ಬೀಗರು ಚೈನೀಸ್ ರೆಸ್ಟೋರೆಂಟಿನಲ್ಲಿ ಔತಣ ಕೊಟ್ಟರು: ನಾವು ಮರಳಿ ಕರೆಯುವುದು ಹೇಗೆ?

ಕುಕ್ಕರಹಳ್ಳಿ ಪಯಣಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಮತ್ತು ಅಪ್ಪ ಅಮ್ಮ ಮೈಸೂರಿನಿಂದ ಬಂದು ಸದ್ಯ ಟೊರಾಂಟೊಗೆ ಅಂಟಿಕೊಂಡಿರುವ ಮಾರ್ಕಂನಲ್ಲಿ ತಮ್ಮನ ಮನೆಯಲ್ಲಿ ಉಳಿದಿದ್ದೇವೆ. ತಮ್ಮನ ಹೆಂಡತಿಯ ತಂದೆ ತಾಯಿ ಹಾಂಗ್‌ಕಾಂಗ್‌ನವರು. 1997ರಲ್ಲಿ ಆ ನಗರ ಚೀನಾಕ್ಕೆ ಹಸ್ತಾಂತರವಾಗುವ ಮೊದಲಿನ ವರ್ಷಗಳಲ್ಲಿ ಕೆನಡಾಕ್ಕೆ ಬಂದು ನೆಲೆಸಿದ ಅನೇಕ ಕುಟುಂಬಗಳಲ್ಲಿ ಅವರದೂ ಒಂದು. ಮದುವೆಗೆ ನಮ್ಮ ಮನೆಯ ಹಿರಿಯರಿಗೆ ಬರಲಾಗಿರಲಿಲ್ಲವಾದ್ದರಿಂದ ಬೀಗರನ್ನು ಮುಖಾಮುಖಿಯಾಗಿ ಕಂಡದ್ದು ಈ ಸಲವೇ.

ಕಳೆದ ಶನಿವಾರ ಸಂಜೆ ಅವರು ನಮ್ಮೆಲ್ಲರನ್ನೂ ಒಂದು ಕ್ಯಾಂಟನೀಸ್ (ದಕ್ಷಿಣ ಚೀನಾದ ಗುವಾಂಗ್ಡಾಂಗ್ ಕಡೆಯ ಅಡುಗೆಯ) ರೆಸ್ಟೋರೆಂಟಿಗೆ ಊಟಕ್ಕೆ ಕರೆದಿದ್ದರು. ಮಧ್ಯದಲ್ಲಿ ತಿರುಗುವ ಗಾಜಿನ ತಟ್ಟೆಯಿದ್ದ ದೊಡ್ಡ ದುಂಡು ಮೇಜು. ಬೀಗರು ಅಪ್ಪನ ಮೊಣಕೈ ಹಿಡಿದು ಕರೆದೊಯ್ದು ಬಾಗಿಲಿಗೆ ಮುಖ ಮಾಡಿದ ಕುರ್ಚಿಯಲ್ಲಿ ಕೂರಿಸಿದರು. ಮೊದಲು ಬಂದ ಬಿಸಿ ಚಹಾದಲ್ಲಿ ಬೀಗಿತಿ ಎಲ್ಲರ ಬಟ್ಟಲು, ಚಮಚ, ಊಟದ ಕಡ್ಡಿಗಳನ್ನು ತಾವೇ ತೊಳೆದು ಕೊಟ್ಟರು. ಅಪ್ಪ ಮೊಟ್ಟೆಯನ್ನೂ ಮುಟ್ಟುವವರಲ್ಲ, ಚಾತುರ್ಮಾಸವಾದ್ದರಿಂದ ಈಗ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಇದನ್ನು ಮಗಳಿಂದ ಮೊದಲೇ ಕೇಳಿಕೊಂಡಿದ್ದ ಬೀಗಿತಿ, ಹಿಂದಿನ ದಿನವೇ ರೆಸ್ಟೋರೆಂಟಿಗೆ ಫೋನ್ ಮಾಡಿ ಅವರಿಗಾಗಿ ಬೇರೆಯೇ ಅಡುಗೆಯ ಏರ್ಪಾಟು ಮಾಡಿಸಿದ್ದರು. ಮೆಕ್ಕೆಜೋಳ ಮತ್ತು ತೋಫುವಿನ (ಸೋಯಾ ಹಾಲಿನ ಪನೀರಿನ) ಮಂದವಾದ ಸೂಪು, ಅಣಬೆಯ ಜೊತೆಗೆ ಹಸಿರು ಸೊಪ್ಪು, ಸೋಯಾ ಹಾಲಿನ ಕೆನೆ ಒಣಗಿಸಿ ಮಾಡಿದ ಹಾಳೆ, ಕಪ್ಪು ಕಿವಿಯಣಬೆ ಮತ್ತು ಹೆಸರುಕಾಳಿನ ಹಿಟ್ಟಿನ ಪಾರದರ್ಶಕ ಶಾವಿಗೆ ಸೇರಿದ ಒಂದು ಪಲ್ಯ. ಇವುಗಳಲ್ಲಿ ಯಾವುದೇ ಬಂದರೂ ಅವರು ಗಾಜಿನ ತಟ್ಟೆಯನ್ನು ಒಂದು ಬೆರಳಿನಿಂದ ತಡೆದು ನಿಲ್ಲಿಸಿ, ಅಪ್ಪನಿಗೆ ಬಡಿಸಿ, ಆಮೇಲೆಯೇ ತಿರುಗಲು ಬಿಡುತ್ತಿದ್ದರು. ಉಳಿದವರಿಗೆ ಶುಂಠಿ ಹಾಕಿ ಹಬೆಯಲ್ಲಿ ಬೇಯಿಸಿದ ಇಡೀ ಮೀನು, ಲಾಬ್‌ಸ್ಟರ್, ಗರಿಗರಿಯಾದ ಚರ್ಮದ ಕೋಳಿ ಹೀಗೆ ಒಂದರ ಹಿಂದೊಂದು ಬರುತ್ತಲೇ ಇದ್ದವು. ಮೀನಿನ ಕೆನ್ನೆಯ ಮೆತ್ತನೆಯ ತುಂಡನ್ನು ಬೀಗರು ಬಿಡಿಸಿ ನನ್ನ ತಟ್ಟೆಗೆ ಹಾಕಿದರು. ಅವರ ಮಗನಿಗೆ ಚೀನಾದ ಸಿಚುವಾನ್ ಪ್ರಾಂತ್ಯದ ಖಾರದ ರುಚಿ ಇಷ್ಟವಂತೆ. ಅವನು ಮಾಂಸ ಹಾಕದೆ ಮಾಡಿಸಿದ ಖಾರದ ತೋಫು ತಿಂದು ನನ್ನ ಹೆಂಡತಿಯ ನಾಲಿಗೆ ಸ್ವಲ್ಪ ಹೊತ್ತು ಜುಮ್ಮೆನ್ನುತ್ತಿತ್ತು. ಅಮ್ಮ ಬಟ್ಟಲಿನ ಮೇಲೆ ಕೈಯಿಟ್ಟು ಸಾಕೆಂದಷ್ಟೂ ಬೀಗಿತಿ ಅದನ್ನು ಸಂಕೋಚವೆಂದು ತಿಳಿದು ಇನ್ನಷ್ಟು ಬಡಿಸುತ್ತಿದ್ದರು. ನಮ್ಮ ಮನೆಗಳಲ್ಲಿ ನಡೆಯುವ ಉಪಚಾರವೇ ಇಲ್ಲಿಯೂ ನಡೆಯುತ್ತಿದೆಯೆಂದು ಅಪ್ಪನಿಗೆ ಬಹಳ ಖುಷಿಯಾಯಿತು.

ಈಗ ಕೇಳಬೇಕಾದದ್ದು ಇಷ್ಟು. ಬಿಲ್ ಕೊಡೋಣವೆಂದು ನಾನು ಎದ್ದಾಗ ಹಣ ಆಗಲೇ ಸಂದಾಯವಾಗಿತ್ತು, ಮತ್ತು ನಾನು ಎದ್ದದ್ದೇ ಬೀಗರಿಗೆ ಹಿಡಿಸಲಿಲ್ಲವೆನಿಸಿತು. ತಿಂದು ಮುಗಿಸಲಾಗದಷ್ಟು ಅಡುಗೆ ಉಳಿದು ಡಬ್ಬಿಗಳಲ್ಲಿ ಮನೆಗೆ ಬಂದದ್ದು ಅಪ್ಪನಿಗೆ ಸ್ವಲ್ಪ ಕಸಿವಿಸಿ ಉಂಟುಮಾಡಿದೆ. ಊರಿಗೆ ಹೊರಡುವ ಮುನ್ನ ಅವರನ್ನು ನಾವು ಊಟಕ್ಕೆ ಕರೆಯಲೇಬೇಕೆಂಬುದು ಅಪ್ಪನ ಹಟ. ಅದು ರೆಸ್ಟೋರೆಂಟಿನಲ್ಲಿ ಆಗಬೇಕೇ, ಮನೆಯಲ್ಲಿ ಆಗಬೇಕೇ? ಬೀಗರ ಪುಟ್ಟ ಮೊಮ್ಮಗನ ಕೈಗೆ 101 ಡಾಲರ್ ಕವರಿನಲ್ಲಿ ಹಾಕಿ ಕೊಡಬೇಕೆಂದು ಅಮ್ಮ ಎತ್ತಿಟ್ಟಿದ್ದಾರೆ. ಜೊತೆಗೆ ಊರಿನಿಂದ ತಂದ ಬೀಟೆಮರದ ಕೆತ್ತನೆಯ ಗೋಡೆ ಗಡಿಯಾರವೂ ಇದೆ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಅಜಿನ್‌ಕೋರ್ಟ್ ವಾಸಿ

ನಾನು ಟೊರಾಂಟೊ ನಗರದ ಸ್ಕಾರ್ಬರೋದ ಅಜಿನ್‌ಕೋರ್ಟ್ ಭಾಗದಲ್ಲಿ ಬಹುಕಾಲದಿಂದ ಇರುವವನು. ನಮ್ಮ ಬೀದಿಯ ಅರ್ಧಕ್ಕಿಂತ ಹೆಚ್ಚು ಮನೆಗಳು ಹಾಂಗ್‌ಕಾಂಗ್ ಮತ್ತು ಗುವಾಂಗ್‌ಡಾಂಗ್ ಮೂಲದವರದು, ಹಾಗಾಗಿ ಇಂತಹ ಮೇಜುಗಳಲ್ಲಿ ಕೂತು ಅಭ್ಯಾಸವಿದೆ.

ಬಿಲ್ಲಿನ ವಿಷಯವನ್ನು ಮೊದಲು ಹೇಳುತ್ತೇನೆ. ಅವರಲ್ಲಿ ಕರೆದವರೇ ಕೊಡುವುದು ರೂಢಿ, ಅದರಲ್ಲಿಯೂ ದೂರದಿಂದ ಬಂದ ಹಿರಿಯ ಬೀಗರಿಂದ ಹಣ ಕೊಡಿಸುವುದೆಂದರೆ ಆತಿಥೇಯರಿಗೆ ತಲೆತಗ್ಗಿಸುವ ಸಂಗತಿ. ಹಾಗೆಂದು ಅತಿಥಿಯು ಕೈಕಟ್ಟಿ ಕೂರುವಂತೆಯೂ ಇಲ್ಲ. ಒಂದೆರಡು ಸಲ ತಾನು ಕೊಡುತ್ತೇನೆಂದು ಎದ್ದು, ಅವರು ತಡೆದಾಗ ಕೂತುಬಿಡಬೇಕು. ಇದಕ್ಕಿಂತ ಹೆಚ್ಚು ಎಳೆದಾಡುವ ದೃಶ್ಯಗಳೂ ಕ್ಯಾಷ್ ಕೌಂಟರಿನ ಮುಂದೆ ಸಾಮಾನ್ಯವೇ. ಸಮಾನ ವಯಸ್ಸಿನ ಸ್ನೇಹಿತರ ನಡುವೆ ಅದೊಂದು ಆಟ. ನೀವು ಎದ್ದದ್ದರಿಂದ ಅವರಿಗೆ ಬೇಸರವಾಗಿರಲಾರದು; ಮುಖ ಗಂಟಿಕ್ಕಿ ತಡೆಯುವುದೂ ಆ ಉಪಚಾರದ ಭಾಗವೇ. ಪಾಲು ಮಾಡೋಣವೆಂದು ಹೇಳಿದ್ದರೆ ಮಾತ್ರ ನಿಜವಾಗಿಯೂ ಬೇಸರಪಡುತ್ತಿದ್ದರು.

ಅಡುಗೆ ಉಳಿದದ್ದರ ಬಗ್ಗೆ ನಿಮ್ಮ ತಂದೆಯವರು ಮರುಗಬೇಕಾಗಿಲ್ಲ. ಕುಳಿತವರ ಸಂಖ್ಯೆಗಿಂತ ಒಂದೆರಡು ಹೆಚ್ಚು ಬಗೆಗಳನ್ನು ತರಿಸುವುದು ಔತಣದಲ್ಲಿ ವಾಡಿಕೆ. ತಟ್ಟೆಗಳು ಖಾಲಿಯಾದರೆ ಕರೆದವರು ಕಡಿಮೆ ತರಿಸಿದರೆಂಬ ಅರ್ಥ ಬರುತ್ತದೆ. ಉಳಿದದ್ದನ್ನು ಡಬ್ಬಿಗೆ ತುಂಬಿಸಿಕೊಂಡು ಹೋಗುವುದರಲ್ಲಿ ಯಾರಿಗೂ ನಾಚಿಕೆಯಿಲ್ಲ, ಒಳ್ಳೆಯ ಡಬ್ಬಿಗಳನ್ನು ಅತಿಥಿಗೆ ಕೊಟ್ಟು ಕಳುಹಿಸುವುದು ಪ್ರೀತಿಯ ಲಕ್ಷಣ. ಮರುದಿನ ಬೀಗಿತಿಗೆ ಫೋನ್ ಮಾಡಿ ಆ ತೋಫು ಹಾಳೆಯ ಪಲ್ಯವನ್ನು ಬೆಳಗ್ಗೆ ಬಿಸಿ ಮಾಡಿ ತಿಂದೆವೆಂದು ನಿಮ್ಮ ತಾಯಿ ಹೇಳಿದರೆ ಅವರಿಗೆ ಅದಕ್ಕಿಂತ ಹಿತವಾದ ಮಾತು ಬೇರೊಂದಿಲ್ಲ.

ನಿಮ್ಮ ತಂದೆಯವರನ್ನು ಬಾಗಿಲಿಗೆ ಎದುರಾದ ಕುರ್ಚಿಯಲ್ಲಿ ಕೂರಿಸಿದ್ದು ಮುಖ್ಯ ಅತಿಥಿಯ ಸ್ಥಾನವೆಂದು. ಚಹಾ ಸುರಿಯುವಾಗ ಅವರ ಮಗ ಮೇಜಿನ ಮೇಲೆ ಎರಡು ಬೆರಳುಗಳಿಂದ ಮೆಲ್ಲನೆ ತಟ್ಟಿದ್ದನ್ನೂ ನೀವು ಗಮನಿಸಿರಬಹುದು. ಕ್ಯಾಂಟನೀಸರಲ್ಲಿ ಅದು ಮಾತನ್ನು ನಿಲ್ಲಿಸದೆಯೇ ಧನ್ಯವಾದ ಹೇಳುವ ಕ್ರಮ. ಚೀನಾದ ಚಿಯಾನ್‌ಲಾಂಗ್ ಚಕ್ರವರ್ತಿ ವೇಷ ಮರೆಸಿಕೊಂಡು ಸಂಚರಿಸುತ್ತಿದ್ದಾಗ ತನ್ನ ಸೇವಕನಿಗೇ ಚಹಾ ಸುರಿದನೆಂದೂ, ಅಡ್ಡಬೀಳಲಾರದ ಸೇವಕ ಬೆರಳುಗಳನ್ನೇ ಮಡಿಸಿ ಮೇಜಿಗೆ ತಾಗಿಸಿದನೆಂದೂ ಒಂದು ದಂತಕಥೆಯಿದೆ. ಹೂಜಿಯಲ್ಲಿ ಚಹಾ ಮುಗಿದಾಗ ಮುಚ್ಚಳವನ್ನು ಓರೆಯಾಗಿ ಸರಿಸಿಟ್ಟರೆ ಸಾಕು, ಯಾರನ್ನೂ ಕೂಗಬೇಕಾಗಿಲ್ಲ. ಬಂದು ಬಿಸಿನೀರು ತುಂಬುತ್ತಾರೆ.

ನೀವು ಮರಳಿ ಕರೆಯುವುದು ರೆಸ್ಟೋರೆಂಟಿಗೇ ಆದರೆ ಊಟಕ್ಕೆ ಮೊದಲೇ ತಮ್ಮನ ಕೈಯಲ್ಲಿ ಕಾರ್ಡನ್ನು ಮ್ಯಾನೇಜರಿಗೆ ಕೊಡಿಸಿಡಿ. ಊಟದ ಕೊನೆಗೆ ಕೊಡುವೆನೆಂದು ಕಾದರೆ ಬೀಗರು ಕೈತೊಳೆಯುವ ನೆಪದಲ್ಲಿ ಎದ್ದು ಹೋಗಿ ಕೊಟ್ಟು ಬಂದುಬಿಡುತ್ತಾರೆ, ಮತ್ತು ನೀವು ಮತ್ತೊಂದು ಔತಣದ ಋಣ ಹೊತ್ತುಕೊಂಡು ಮೈಸೂರಿಗೆ ಹೋಗಬೇಕಾಗುತ್ತದೆ. ಇಲ್ಲಿ ಒಂಟಾರಿಯೊ ಪ್ರಾಂತ್ಯದಲ್ಲಿ ಊಟದ ಬೆಲೆಯ ಮೇಲೆ ಶೇಕಡಾ 13 ತೆರಿಗೆ ಬೀಳುತ್ತದೆ, ಅದರ ಮೇಲೆ ಟಿಪ್ಸ್. ದೊಡ್ಡ ಮೇಜುಗಳಿಗೆ ಕೆಲವು ಕಡೆ ಸೇವಾಶುಲ್ಕವನ್ನು ಬಿಲ್ಲಿನಲ್ಲಿಯೇ ಸೇರಿಸಿರುತ್ತಾರಾದ್ದರಿಂದ ನೋಡಿಕೊಂಡು ಕೊಡಿ.

ಕುಮಟೆಯ ತೆಪ್ಪಳ

ನನ್ನ ತವರು ಕುಮಟಾ. ಯಜಮಾನರ ನೌಕರಿಯ ಕಾರಣ ಹಲವು ವರ್ಷ ಹಾಂಗ್‌ಕಾಂಗ್‌ನ ಕೌಲೂನ್ ಕಡೆ ಸಂಸಾರ ಮಾಡಿದ್ದೇವೆ. ನಿಮ್ಮ ಪ್ರಶ್ನೆ ಓದಿದೊಡನೆ ಬರೆಯಲು ಕುಳಿತದ್ದು ಆ 101 ಡಾಲರಿನ ಕವರಿಗಾಗಿ. ದಯವಿಟ್ಟು ಅದನ್ನು ಹಾಗೆಯೇ ಕೊಡಬೇಡಿ.

ನಮಗೆ ಮೇಲಿನ ಒಂದು ರೂಪಾಯಿ ಶುಭ. ಸೊನ್ನೆಗೆ ನಿಲ್ಲಬಾರದು, ಮುಂದುವರಿಯಬೇಕು ಎಂದು ನಾವು ಭಾವಿಸುತ್ತೇವೆ. ಹಾಂಗ್‌ಕಾಂಗ್‌ನಲ್ಲಿ ಸಾವಿನ ಮನೆಗೆ ಬಿಳಿ ಲಕೋಟೆಯಲ್ಲಿ ಕೊಡುವ ಹಣ ಬೆಸ ಸಂಖ್ಯೆಯಲ್ಲಿಯೇ ಇರಬೇಕು, ಮತ್ತು 101, 501 ಎಂಬ ಮೊತ್ತಗಳೇ ಅಲ್ಲಿ ರೂಢಿಯಲ್ಲಿರುವುದು. ಮಗುವಿನ ಕೈಗೆ ಬಿಳಿ ಕವರಿನಲ್ಲಿ 101 ಇಟ್ಟರೆ ನಿಮ್ಮ ಬೀಗರು ಸಜ್ಜನರಾದ್ದರಿಂದ ನಕ್ಕು ತೆಗೆದುಕೊಂಡಾರು, ಆದರೆ ಆ ಮಗುವಿನ ಮುತ್ತಜ್ಜಿ ಯಾರಾದರೂ ಜೊತೆಗಿದ್ದರೆ ಅವರ ಎದೆ ಧಸಕ್ಕೆನ್ನುವುದು ಖಂಡಿತ. ಶುಭಕಾರ್ಯಕ್ಕೆ ಕೆಂಪು ಲಕೋಟೆ, ಸಮ ಸಂಖ್ಯೆ, ಹೊಸ ಗರಿಗರಿ ನೋಟು. 4 ಬರದಂತೆ ನೋಡಿಕೊಳ್ಳಿ. 8 ಬಂದರೆ ಸಂತೋಷ. ಕೆನಡಾದ 50 ಡಾಲರಿನ ನೋಟು ಕೆಂಪು ಬಣ್ಣದ್ದೇ ಆಗಿರುವುದರಿಂದ ಎರಡು ಹೊಸ ನೋಟುಗಳನ್ನು ಬ್ಯಾಂಕಿನಿಂದ ತಂದು ಕೆಂಪು ಲಕೋಟೆಯಲ್ಲಿಟ್ಟು ಎರಡೂ ಕೈಗಳಿಂದ ಕೊಡಿ. ನಿಮ್ಮ ಅಮ್ಮನಿಗೆ ಆ ಒಂದು ಡಾಲರ್ ಬಿಡಲು ಮನಸ್ಸಾಗದಿದ್ದರೆ ಅದನ್ನು ದೇವರ ಮುಂದಿಟ್ಟು ಬಿಡಲಿ.

ಗಡಿಯಾರವನ್ನೂ ತಮ್ಮನ ಮನೆಯ ಗೋಡೆಗೇ ಹಾಕಿಸಿ. ಗಡಿಯಾರ ಕೊಡುವುದನ್ನು ಅವರು ಸಾವಿನ ಸೂಚನೆಯೆಂದು ಕಾಣುತ್ತಾರೆ. ಚಾಕು, ಕತ್ತರಿಗಳೂ ಬೇಡ, ಸಂಬಂಧ ಕತ್ತರಿಸಿದಂತೆ ಎಂಬ ನಂಬಿಕೆ ನಮ್ಮಲ್ಲಿಯೂ ಇದೆಯಲ್ಲ. ಮೈಸೂರಿನಿಂದ ಬಂದವರಿಗೆ ಉಡುಗೊರೆಯ ಬರವೇ? ಗಂಧದ ಸುವಾಸನೆ ಅವರಿಗೆ ಬಲು ಪ್ರಿಯ, ಮನೆಯಲ್ಲಿ ಹಿರಿಯರ ಪೀಠದ ಮುಂದೆ ಊದುಬತ್ತಿ ಹಚ್ಚುವವರಿದ್ದರೆ ಒಳ್ಳೆಯ ಗಂಧದ ಕಡ್ಡಿಗಿಂತ ಮೇಲಾದದ್ದಿಲ್ಲ. ರೇಷ್ಮೆಯ ಶಾಲು, ಚಿಕ್ಕಮಗಳೂರಿನ ಕಾಫಿಪುಡಿ ಕೂಡ ಆದೀತು. ಕೊಟ್ಟೊಡನೆ ಬಿಚ್ಚಿ ನೋಡಲಿಲ್ಲವೆಂದು ನೊಂದುಕೊಳ್ಳಬೇಡಿ. ಕೊಟ್ಟವರ ಎದುರಿಗೆ ಬಿಚ್ಚದಿರುವುದೇ ಮರ್ಯಾದೆ.

ಇನ್ನು ನಿಮ್ಮ ಹೆಂಡತಿಯವರ ನಾಲಿಗೆಯ ಬಗ್ಗೆ. ಆ ಜುಮ್ಮೆನ್ನುವಿಕೆ ಸಿಚುವಾನ್ ಮೆಣಸಿನದು. ಅದು ನಮ್ಮ ಕರಾವಳಿಯ ತೆಪ್ಪಳದ, ಅಂದರೆ ಘಟ್ಟದ ಕಡೆಯವರು ಜುಮ್ಮನಕಾಯಿ ಎನ್ನುವುದರ, ಒಂದೇ ಕುಲದ ಗಿಡ. ಬಂಗಡೆಯ ಸಾರಿಗೆ ತೆಪ್ಪಳ ಹಾಕಿಕೊಂಡು ಬೆಳೆದ ನನಗೆ ಮೊದಲ ಸಲ ಆ ತೋಫು ತಿಂದಾಗ ತವರಿನ ಒಲೆ ನೆನಪಾಗಿತ್ತು. ಆ ಖಾದ್ಯದಲ್ಲಿ ಮಾಮೂಲಾಗಿ ಕೊಚ್ಚಿದ ಮಾಂಸ ಇರುತ್ತದೆ, ನಿಮಗಾಗಿ ತೆಗೆಸಿದ್ದಾರೆ. ಹಾಗೆಯೇ ಮೇಲ್ನೋಟಕ್ಕೆ ಬರೀ ಸೊಪ್ಪಿನಂತೆ ಕಾಣುವ ಪಲ್ಯದ ಮೇಲೆ ಸಿಂಪಿಯಿಂದ ಮಾಡಿದ ಆಯ್‌ಸ್ಟರ್ ಸಾಸ್ ಸುರಿಯುವುದು, ತರಕಾರಿ ಸೂಪಿಗೆ ಕೋಳಿಯ ಸಾರು ಬಳಸುವುದು, ಹುರಿದ ಹುರುಳಿಕಾಯಿಗೆ ಮಾಂಸದ ಪುಡಿ ಉದುರಿಸುವುದು, ಮೂಲಂಗಿಯ ಕಡುಬಿನಲ್ಲಿ ಒಣಸಿಗಡಿ ಸೇರಿಸುವುದು ಎಲ್ಲವೂ ಸಾಮಾನ್ಯ. ತರಕಾರಿ ಕೊಡಿ ಎಂದರೆ ಇವೇ ಬರುತ್ತವೆ. ವ್ರತದ ಊಟ ಬೇಕೆಂದು ಕ್ಯಾಂಟನೀಸಿನಲ್ಲಿ "ಸಿಕ್ ಜಾಯ್" ಎಂದು ಹೇಳಿಸಿದರೆ ಅಡುಗೆಮನೆಯವರಿಗೆ ಒಮ್ಮೆಗೇ ತಿಳಿಯುತ್ತದೆ. ನಿಮ್ಮ ತಂದೆಯವರಿಗೆ ಬಡಿಸಿದ ಶಾವಿಗೆ, ತೋಫು ಹಾಳೆಯ ಪಲ್ಯ ಬೌದ್ಧರ ವ್ರತದ ಅಡುಗೆ. ಚೀನೀ ಹೊಸ ವರ್ಷದ ಮೊದಲ ದಿನ ಮಾಂಸ ಬಿಡುವ ಮನೆಗಳಲ್ಲಿ ಅದನ್ನು ತಪ್ಪದೆ ಮಾಡುತ್ತಾರೆ. ಸರಿಯಾಗಿ ಮಾಡಿದರೆ ಈರುಳ್ಳಿ ಬೆಳ್ಳುಳ್ಳಿ ಅದರ ಹತ್ತಿರವೂ ಸುಳಿಯುವುದಿಲ್ಲ.

ಗೋಬಿ ಪ್ರಿಯ

ಎಲ್ಲರೂ ಮರ್ಯಾದೆಯ ಮಾತನ್ನೇ ಆಡುತ್ತಿದ್ದೀರಿ, ನಾನು ರುಚಿಯ ಮಾತು ಆಡುತ್ತೇನೆ. ಬೀಗರನ್ನು ಸ್ಕಾರ್ಬರೋದ ಒಂದು ಹಕ್ಕಾ ರೆಸ್ಟೋರೆಂಟಿಗೆ ಕರೆದುಕೊಂಡು ಹೋಗಿ. ಕೋಲ್ಕತ್ತದ ತಂಗ್ರಾದಲ್ಲಿ ಚರ್ಮ ಹದಮಾಡುವ ಕಸುಬಿನಲ್ಲಿದ್ದ ಹಕ್ಕಾ ಚೀನೀಯರು, 1962ರ ಯುದ್ಧದ ಸಮಯದಲ್ಲಿ ಭಾರತದ ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಿದ ನಂತರದ ದಶಕಗಳಲ್ಲಿ ಗುಂಪುಗುಂಪಾಗಿ ಟೊರಾಂಟೊಗೆ ಬಂದರು, ಮತ್ತು ತಮ್ಮ ಬಾಣಲೆಗಳ ಜೊತೆ ನಮ್ಮ ಹಸಿಮೆಣಸಿನಕಾಯಿ, ಕೊತ್ತಂಬರಿಗಳನ್ನೂ ತಂದರು. ಇಲ್ಲಿ ಚಿಲ್ಲಿ ಪನೀರ್ ಇದೆ, ಹಕ್ಕಾ ನೂಡಲ್ಸ್ ಇದೆ, ಮಂಚೂರಿಯನ್ ಇದೆ. ಈ ಮಂಚೂರಿಯನ್ನಿಗೂ ಮಂಚೂರಿಯಾಕ್ಕೂ ಸಂಬಂಧವಿಲ್ಲ. ಕೋಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಅವರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಅದನ್ನು ಕೋಳಿಯಿಂದ ಮಾಡಿದರೆಂದು ಪ್ರತೀತಿ, ಅದಕ್ಕೆ ಹೂಕೋಸು ಸೇರಿಸಿ ಮೂಲೆಮೂಲೆಗೆ ತಳ್ಳುಗಾಡಿ ನಿಲ್ಲಿಸಿದ ಹಿರಿಮೆ ನಮ್ಮ ಕರ್ನಾಟಕದ್ದು. 2024ರ ಮಾರ್ಚಿನಲ್ಲಿ ಸರ್ಕಾರ ಅದರ ಕೆಂಪು ಕೃತಕ ಬಣ್ಣವನ್ನು ನಿಷೇಧಿಸಿತೇ ಹೊರತು ನಮ್ಮ ಪ್ರೀತಿಯನ್ನಲ್ಲ. ಚೀನಾ ಮತ್ತು ಭಾರತ ಒಂದೇ ತಟ್ಟೆಯಲ್ಲಿ ಬೀಗರಾಗಿರುವಾಗ ಎರಡು ಮನೆಯ ಬೀಗರಿಗೆ ಇದಕ್ಕಿಂತ ತಕ್ಕ ಜಾಗ ಯಾವುದು?

ಅಜಿನ್‌ಕೋರ್ಟ್ ವಾಸಿ

ಗೋಬಿ ಪ್ರಿಯರ ಉತ್ಸಾಹ ಮೆಚ್ಚುವಂಥದ್ದು, ನಾನೂ ಆ ಜಾಗಗಳ ಗಿರಾಕಿ. ಆದರೆ ಮೊದಲ ಮರುಔತಣಕ್ಕೆ ಅದು ಬೇಡವೆನ್ನುತ್ತೇನೆ. ಕ್ಯಾಂಟನೀಸ್ ಹಿರಿಯರಿಗೆ ಮೀನು ಮೀನಿನಂತೆ, ಸೊಪ್ಪು ಸೊಪ್ಪಿನಂತೆ ರುಚಿಸಬೇಕು. ಮೆಕ್ಕೆಜೋಳದ ಹಿಟ್ಟಿನಲ್ಲಿ ಅದ್ದಿ ಕರಿದು ಸೋಯಾ ಸಾಸು, ಬೆಳ್ಳುಳ್ಳಿಗಳಲ್ಲಿ ಹೊರಳಾಡಿಸಿದ್ದನ್ನು ಅವರು ಸೌಜನ್ಯಕ್ಕೆ ಎರಡು ತುಂಡು ತಿಂದು ಚಹಾ ಕುಡಿಯುತ್ತಾರೆ. ಅದಿರಲಿ, ಚಾತುರ್ಮಾಸದ ಯಜಮಾನರೇ ಬೆಳ್ಳುಳ್ಳಿಯಿಲ್ಲದ ಮಂಚೂರಿಯನ್ನಿಗಾಗಿ ಎಲ್ಲಿ ಹುಡುಕಬೇಕು? ಕಿರಿಯರೆಲ್ಲ ಸೇರಿ ಇನ್ನೊಂದು ಮಧ್ಯಾಹ್ನ ಅಲ್ಲಿಗೆ ಹೋಗಬಹುದು.

ಇನ್ನೊಂದು ಕ್ಯಾಂಟನೀಸ್ ರೆಸ್ಟೋರೆಂಟಿಗೆ ನೀವು ಕರೆದರೂ ತೊಡಕಿದೆ. ಅಲ್ಲಿ ಏನು ತರಿಸಬೇಕೆಂದು ನಿಮಗೆ ತಿಳಿಯದು. ಮೆನು ಬೀಗರ ಕೈಗೇ ಹೋಗುತ್ತದೆ, ಬೀಗಿತಿಯೇ ಮತ್ತೆ ಗಾಜಿನ ತಟ್ಟೆಯನ್ನು ತಡೆದು ಬಡಿಸುತ್ತಾರೆ, ಹಣ ನಿಮ್ಮದಾದರೂ ಔತಣ ಅವರದೇ ಆಗಿಬಿಡುತ್ತದೆ. ಆ ಸಂಜೆ ನಿಮ್ಮ ತಂದೆಯವರ ಮನಸ್ಸು ತುಂಬಿದ್ದು ಲಾಬ್‌ಸ್ಟರಿನ ಬೆಲೆಯಿಂದಲ್ಲ, ಹಿಂದಿನ ದಿನ ಮಾಡಿದ ಆ ಒಂದು ಫೋನಿನಿಂದ. ಅಂತಹ ಮುತುವರ್ಜಿ ನಿಮ್ಮಿಂದ ಸಾಧ್ಯವಾಗುವುದು ನಿಮ್ಮ ಅಡುಗೆಯಲ್ಲಿ. ಆದ್ದರಿಂದ ಮನೆಯೇ ಸರಿ.

ಕುಕ್ಕರಹಳ್ಳಿ ಪಯಣಿಗ

ಎಲ್ಲರಿಗೂ ಧನ್ಯವಾದಗಳು. ಕವರಿನ ವಿಷಯ ಓದಿ ಹೇಳಿದಾಗ ಅಮ್ಮ ಕೂತಲ್ಲಿಂದ ಎದ್ದು ಹೋಗಿ ಬಿಳಿ ಕವರುಗಳನ್ನೆಲ್ಲ ಸೂಟ್‌ಕೇಸಿನ ತಳಕ್ಕೆ ಸೇರಿಸಿದರು. ಮನೆಯಲ್ಲಿಯೇ ಬಾಳೆಎಲೆಯ ಊಟ ಹಾಕುವುದೆಂದು ತೀರ್ಮಾನವಾಗಿದೆ. ಸ್ಕಾರ್ಬರೋದ ತಮಿಳು ಅಂಗಡಿಗಳಲ್ಲಿ ಎಲೆ ಸಿಗುತ್ತದೆಂದು ತಮ್ಮ ಹೇಳುತ್ತಾನೆ. ಬೀಗಿತಿ ಚಾಂದ್ರಮಾನ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನ ಮಾಂಸ ತಿನ್ನುವುದಿಲ್ಲವೆಂದು, ಆದ್ದರಿಂದಲೇ ಅಪ್ಪನ ಊಟದ ಕಷ್ಟ ಅವರಿಗೆ ಅಷ್ಟು ಚೆನ್ನಾಗಿ ತಿಳಿದಿತ್ತೆಂದು ತಮ್ಮನ ಹೆಂಡತಿ ಈಗ ಹೇಳಿದಳು. ಹುಣ್ಣಿಮೆಯ ಆಸುಪಾಸಿನ ಶನಿವಾರಕ್ಕೆ ಕರೆಯೋಣವೆಂದಿದ್ದೇವೆ. ಅಮ್ಮ ಬಿಸಿಬೇಳೆಬಾತು, ಕೋಸಂಬರಿ, ಸಾರು, ಹೋಳಿಗೆ, ಮೊಸರನ್ನ ಎಂದು ಪಟ್ಟಿ ಮಾಡಿದ್ದಾರೆ. ಇದರಲ್ಲಿ ಬದಲಿಸಬೇಕಾದದ್ದು ಇದೆಯೇ?

ಕುಮಟೆಯ ತೆಪ್ಪಳ

ಪಟ್ಟಿ ಚೆನ್ನಾಗಿದೆ, ಎರಡು ಮೂರು ತಿದ್ದುಪಡಿ ಸಾಕು. ಅವರ ತಿಂಗಳು ಅಮಾವಾಸ್ಯೆಯಂದು ಶುರುವಾಗುವುದರಿಂದ ಹದಿನೈದನೆಯ ದಿನವೆಂದರೆ ಹೆಚ್ಚುಕಡಿಮೆ ನಮ್ಮ ಹುಣ್ಣಿಮೆಯೇ. ಆದರೆ ಅದು ಅವರ ಎಂಟನೆಯ ತಿಂಗಳ ಹುಣ್ಣಿಮೆಯಾಗಿದ್ದರೆ, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಅಥವಾ ಅಕ್ಟೋಬರ್ ಮೊದಲಿಗೆ ಬರುವಂಥದ್ದು, ಅಂದು ಮನೆಮಂದಿಯೆಲ್ಲ ಕೂಡಿ ಉಣ್ಣುವ ದೊಡ್ಡ ಹಬ್ಬ. ಅವರನ್ನು ಆ ದಿನ ಕರೆಯದೆ ಹಿಂದಿನ ವಾರಕ್ಕೆ ಕರೆಯಿರಿ.

ಅವರು ಬರುವುದು ವ್ರತದ ದಿನವೇ ಆದರೆ ಇಂಗನ್ನು ಬಿಡಿ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟಾಗ ನಾವು ಇಂಗಿನಿಂದ ಆ ಕೊರತೆ ತುಂಬಿಸಿಕೊಳ್ಳುತ್ತೇವೆ. ಚೀನೀ ಬೌದ್ಧರು ವರ್ಜಿಸುವ ಐದು ಘಾಟಿನ ಪದಾರ್ಥಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಜಾತಿಯವುಗಳ ಸಾಲಿನಲ್ಲಿ ಇಂಗನ್ನೂ ಹೇಳಿದೆ. ಅವರ ಅಡುಗೆಯಲ್ಲಿ ಇಂಗಿನ ಬಳಕೆಯೇ ಇಲ್ಲವಾದ್ದರಿಂದ ಬೀಗಿತಿ ಅದನ್ನು ಗುರುತಿಸಲಾರರು, ಗುರುತಿಸದಿರುವವರಿಗೆ ತಿಳಿಸದೆ ಬಡಿಸುವುದು ಸರಿಯಲ್ಲ. ಸಾರಿಗೆ ಜೀರಿಗೆ, ಮೆಣಸು, ತುಪ್ಪದ ಒಗ್ಗರಣೆ ಸಾಕು. ನಿಮ್ಮ ತಂದೆಯವರೂ ಒಂದು ದಿನ ಹೊಂದಿಕೊಳ್ಳುತ್ತಾರೆ.

ಬಿಸಿಬೇಳೆಬಾತಿನ ಖಾರವನ್ನು ಅರ್ಧಕ್ಕೆ ಇಳಿಸಿ. ಹಿರಿಯರು ಹಸಿ ತರಕಾರಿ ತಿನ್ನಲು ಹಿಂಜರಿಯುವುದರಿಂದ ಸೌತೆಕಾಯಿಯ ಕೋಸಂಬರಿಯನ್ನು ಚಮಚದಷ್ಟೇ ಬಡಿಸಿ. ಅವರಲ್ಲಿ ಅನೇಕರಿಗೆ ಹಾಲು ಜೀರ್ಣವಾಗದ ತೊಂದರೆ ಇರುತ್ತದೆ, ಆದ್ದರಿಂದ ಮೊಸರನ್ನಕ್ಕೆ ಒತ್ತಾಯ ಬೇಡ, ಕೇಳಿ ಬಡಿಸಿ. ಸಿಹಿಗೆ ಹೋಳಿಗೆಯ ಜೊತೆ ತೆಂಗಿನ ಹಾಲು, ಬೆಲ್ಲ ಹಾಕಿದ ಹೆಸರುಬೇಳೆ ಪಾಯಸವನ್ನೂ ಮಾಡಿ. ಆ ಶನಿವಾರ ಊಟದ ಕೊನೆಗೆ ಕೆಂಪು ಅಲಸಂದೆಯಂಥ ಕಾಳು ಬೇಯಿಸಿದ ಬಿಸಿ ಸಿಹಿ ಬಂದಿದ್ದರೆ ಅದರ ರುಚಿ ನಿಮಗೆ ಗೊತ್ತೇ ಇದೆ. ಹೆಸರುಕಾಳಿನಿಂದಲೂ ಅವರು ಅಂಥದ್ದನ್ನು ಮಾಡುತ್ತಾರಾದ್ದರಿಂದ ಪಾಯಸದ ಬಟ್ಟಲು ಖಾಲಿಯಾಗುವುದರಲ್ಲಿ ಸಂದೇಹವಿಲ್ಲ. ಐಸ್ ಹಾಕಿದ ನೀರು ಇಡಬೇಡಿ, ಒಂದು ಫ್ಲಾಸ್ಕಿನಲ್ಲಿ ಬಿಸಿನೀರು, ಇನ್ನೊಂದರಲ್ಲಿ ಹಾಲಿಲ್ಲದ ಚಹಾ ಇರಲಿ. ಎಲೆಯ ಪಕ್ಕದಲ್ಲಿ ಚಮಚವಿಡಿ, ಕೈಯಲ್ಲಿ ತಿನ್ನುವ ಮನಸ್ಸಿದ್ದವರು ತಿನ್ನಲಿ. ಕಡ್ಡಿ ಇಟ್ಟರೆ ಮಕ್ಕಳು ಆಟಕ್ಕೆ ಅನ್ನದಲ್ಲಿ ನೆಟ್ಟಗೆ ಚುಚ್ಚದಂತೆ ನೋಡಿಕೊಳ್ಳಿ. ಹಾಗೆ ಚುಚ್ಚುವುದು ಸತ್ತವರಿಗೆ ಊದುಬತ್ತಿ ನೆಟ್ಟಂತೆ ಎಂದು ಅವರು ನೊಂದುಕೊಳ್ಳುತ್ತಾರೆ.

ಅವರು ಬರುವಾಗ ಕಿತ್ತಳೆಯ ಚೀಲವೋ ಕೇಕಿನ ಡಬ್ಬಿಯೋ ಖಂಡಿತ ತರುತ್ತಾರೆ. ಹೊರಡುವಾಗ ಆ ಚೀಲವನ್ನು ಬರಿದಾಗಿ ಕೊಡದೆ ನಾಲ್ಕು ಹೋಳಿಗೆ ಇಟ್ಟು ಕೊಡಿ. ನಾಲ್ಕಲ್ಲ, ಆರು ಅಥವಾ ಎಂಟು ಇಡಿ.